ಮೊದಲು ತೂತು ನೋಡಿ ಸ್ವಾಮಿ

ನಮಸ್ಕಾರ. ಇವತ್ತು ಪೆನ್ನಿನ ಕ್ಲಿಪ್ ಬಗ್ಗೆ ಮಾತನಾಡಬೇಕೆಂದು ಕುಳಿತಿದ್ದೆ. ಅಷ್ಟರಲ್ಲಿ ಕಳೆದ ವಿಡಿಯೊದ ಕೆಳಗೆ ಒಬ್ಬ ಹಿರಿಯರು ಬರೆದದ್ದು ಕಣ್ಣಿಗೆ ಬಿತ್ತು: "ಪೀಣ್ಯದಲ್ಲಿ 30 ವರ್ಷ ಟರ್ನರ್ ಆಗಿದ್ದವನು ನಾನು. ಆರಡಿ ಲೇತ್ ಇಲ್ಲದೆ ಅದೇನು ಪೆನ್ನು ಮಾಡುತ್ತೀರಿ? ನಿಮ್ಮದು ಆಟದ ಸಾಮಾನು."

ಲೇತ್ ಎಂದರೆ ವಸ್ತುವನ್ನು ತಿರುಗಿಸುತ್ತ ಕಡೆಯುವ ಯಂತ್ರ, ಟರ್ನರ್ ಎಂದರೆ ಅದರಲ್ಲಿ ಕಡೆಯುವವರು. ಸ್ವಾಮಿ, ನಿಮ್ಮ 30 ವರ್ಷಕ್ಕೆ ಕೈಮುಗಿಯುತ್ತೇನೆ. ಆದರೆ ನೀವು ಕಡೆದದ್ದು ಶಾಫ್ಟು, ಪುಲ್ಲಿ. ನಾನು ಕಡೆಯುವುದು ಜೇಬಿನಲ್ಲಿಡುವ ಪೆನ್ನು. ದಪ್ಪ ಹೆಚ್ಚೆಂದರೆ 15 ಮಿಲಿಮೀಟರ್, ಉದ್ದ ಒಂದು ಗೇಣೂ ಇಲ್ಲ. ಅದಕ್ಕೆ ಆರಡಿ ಲೇತ್ ಎಂದರೆ ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ. ಲೇತ್ ಕೊಳ್ಳಲು ಹೋದವರೆಲ್ಲ ಬೆಡ್, ಅಂದರೆ ಯಂತ್ರದ ತಳದ ಹಾಸು, ಎಷ್ಟು ಉದ್ದ, ಮೋಟರು ಎಷ್ಟು ಶಕ್ತಿಯದು ಎಂದು ಕೇಳುತ್ತಾರೆ. ಕೇಳಬೇಕಾದದ್ದು ಒಂದೇ: ಸ್ಪಿಂಡಲ್ಲಿನ, ಅಂದರೆ ಸರಳನ್ನು ತಿರುಗಿಸುವ ಟೊಳ್ಳು ದಂಡದ, ತೂತು ಎಷ್ಟು?

ನಾನೂ ಕೇಳದೆ ಕೆಟ್ಟವನೇ. ನನ್ನ ಮೊದಲ ಲೇತ್ ಒಂದು ಪುಟಾಣಿ. "ಪೆನ್ನಿಗೆ ಧಾರಾಳ ಸಾಕು" ಎಂದರು ಅಂಗಡಿಯವರು. ಮನೆಗೆ ತಂದು 16 ಮಿಲಿಮೀಟರಿನ ಎಬೊನೈಟ್ ಸರಳನ್ನು ಹಿಂದಿನಿಂದ ತೂರಿಸಲು ಹೋದರೆ ಟಕ್ ಎಂದು ಬಾಗಿಲಲ್ಲೇ ನಿಂತಿತು. ತೂತು 10 ಮಿಲಿಮೀಟರ್! ಪ್ರತಿ ತುಂಡನ್ನೂ ಗರಗಸದಲ್ಲಿ ಕೊಯ್ದು, ಚಕ್ (ಸರಳನ್ನು ಕಚ್ಚಿ ಹಿಡಿಯುವ ಭಾಗ) ಹಿಡಿಯಲೆಂದು ಒಂದಿಂಚು ಬಿಟ್ಟು, ಕೊನೆಗೆ ಆ ಒಂದಿಂಚನ್ನು ಕಸಕ್ಕೆ ಎಸೆದೆ. ಎಬೊನೈಟ್ ಎಂದರೆ ರಬ್ಬರಿಗೆ ಗಂಧಕ ಬೆರೆಸಿ ಬೇಯಿಸಿದ್ದು. ಕೊಯ್ದರೆ ಮನೆಯೆಲ್ಲ ಅದರ ನಾತ. ಒಗ್ಗರಣೆ ಸೀದಿತೆಂದು ಅಮ್ಮ ಎರಡು ಸಲ ಒಲೆ ಆರಿಸಿದ್ದಾರೆ.

ಅದೇ ತೂತು 20 ಮಿಲಿಮೀಟರ್ ಇದ್ದರೆ? ಸರಳು ಹಿಂದಿನಿಂದ ನುಗ್ಗಿ, ಮುಂದೆ ಬೇಕಾದಷ್ಟೇ ಇಣುಕುತ್ತದೆ. ಕೊರೆಯಿರಿ, ಥ್ರೆಡ್ ಹಾಕಿ, ಕತ್ತರಿಸಿ, ಮತ್ತೆ ಎಳೆಯಿರಿ. 7 ಇಂಚಿನ, ಅಂದರೆ 7 ಇಂಚು ಅಗಲದವರೆಗಿನ ವಸ್ತು ತಿರುಗಬಲ್ಲ, ಮಿನಿ ಲೇತ್‌ಗಳಲ್ಲಿ ಸಾಮಾನ್ಯವಾಗಿ ಈ 20 ಮಿಲಿಮೀಟರ್ ಸಿಗುತ್ತದೆ. ತೂಕ ಸುಮಾರು 40 ಕಿಲೊ, ಇಬ್ಬರು ಹಿಡಿದರೆ ಮೆಟ್ಟಿಲು ಹತ್ತುತ್ತದೆ.

ಉದ್ದದ ವಿಷಯದಲ್ಲಿ ಇಷ್ಟು ಒಪ್ಪುತ್ತೇನೆ: ಇದೇ ಮಿನಿ ಲೇತ್‌ಗಳಲ್ಲಿ ಎರಡು ತುದಿಗಳ ನಡುವೆ 10 ಇಂಚು ಜಾಗದ್ದು ಬೇಡ, 14 ಇಂಚಿನದು ಕೊಳ್ಳಿ. ಪೆನ್ನು ಉದ್ದವೆಂದಲ್ಲ. ಈ ಕಡೆ ಚಕ್, ಆ ಕಡೆ ಡ್ರಿಲ್ ಹಿಡಿಯುವ ಇನ್ನೊಂದು ಚಕ್, ನಡುವೆ ಡ್ರಿಲ್ಲು, ಎಲ್ಲ ಸೇರಿ ಜಾಗ ನುಂಗುತ್ತವೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದವರು ಲೇತಿನ ಬೆಡ್ ನೋಡಿಯೇ ಹೇಳಿರಬೇಕು. ಆದರೆ ಮೊದಲು ತೂತು!

"ಚಿಕ್ಕ ಲೇತ್ ನಡುಗುತ್ತದೆ." ನಡುಗಲಿ! ನಾನೇನು ಉಕ್ಕು ಕಡೆಯುತ್ತಿದ್ದೇನೆಯೇ? "ನಾಳೆ ದೊಡ್ಡ ಕೆಲಸ ಬಂದರೆ?" ನಾಳೆ ನೂರು ಜನ ಊಟಕ್ಕೆ ಬಂದಾರೆಂದು ಯಾರಾದರೂ ಅಡುಗೆಮನೆಯಲ್ಲಿ ಮದುವೆಯ ಕೊಪ್ಪರಿಗೆ ಇಟ್ಟುಕೊಳ್ಳುತ್ತಾರೆಯೇ? "ದೊಡ್ಡ ಲೇತಿನ ತೂತೂ ದೊಡ್ಡದು." ಹೌದು, ದೊಡ್ಡದು. ಅದನ್ನು ಮಲ್ಲೇಶ್ವರದ ಎರಡನೇ ಮಹಡಿಗೆ ಹತ್ತಿಸಿ ತೋರಿಸಿ. ನಮ್ಮ ಮನೆ ಮಾಲೀಕರು ಗೋಡೆಗೆ ಮೊಳೆ ಹೊಡೆಯಲೂ ಬಿಡುವುದಿಲ್ಲ.

ಇನ್ನು ಆಟದ ಸಾಮಾನು ಎಂಬ ಬೈಗುಳ. ಮೈಸೂರು ರಸ್ತೆಯಲ್ಲಿ 60 ಕಿಲೊಮೀಟರ್ ಹೋದರೆ ಚನ್ನಪಟ್ಟಣ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಆ ಬಿಸಿಗೇ ಬಣ್ಣ ಕರಗಿ ಕೂರುತ್ತದೆ. ಆ ಸಾಲಿಗೆ ನನ್ನನ್ನು ಸೇರಿಸಿದರೆ ನನಗೆ ಸಂತೋಷವೇ.

ಅಂದ ಹಾಗೆ, ಕಳೆದ ವಾರದ ಕೆಂಪು-ಕಪ್ಪು ಪೆನ್ನುಗಳಲ್ಲಿ ಎರಡು ಉಳಿದಿವೆ, ಬೇಕಾದವರು ಕೆಳಗೆ ಬರೆಯಿರಿ. ಚಂದಾದಾರರಾಗದೆ ಪುಕ್ಕಟೆ ನೋಡುತ್ತಿರುವವರೇ, ನಿಮಗೂ ಪೆನ್ನು ಕೊಡುತ್ತೇನೆ, ಬೆಲೆ ಮಾತ್ರ ಬೇರೆ.

ಇನ್ನೂ ಕಾರಣ ಬೇಕೇ? ಚೀಟಿಯಲ್ಲಿ ಏಳು ಕಾರಣ ಬರೆದುಕೊಂಡಿದ್ದೆ. ನೋಡಿದರೆ ಏಳರಲ್ಲೂ ತೂತು ಎಂದೇ ಇದೆ. ತೂತು ನೋಡಿ ಎಂದರೆ ತೂತು ನೋಡಿ, ಮುಗಿಯಿತು!

ಪೀಣ್ಯದ ಹಿರಿಯರೇ, ಭಾನುವಾರ ಕಾಫಿಗೆ ಬನ್ನಿ. ಆ ಪುಟಾಣಿ ಲೇತ್ ಇನ್ನೂ ಮಂಚದ ಕೆಳಗಿದೆ, ಹೋಗುವಾಗ ತೆಗೆದುಕೊಂಡು ಹೋಗಿ. ಕ್ಲಿಪ್ ಮಾತು ಮುಂದಿನ ವಾರ.