ಬೆರಳು ಬಿದ್ದ ಕಡೆಯೇ ಪೆಟ್ಟು

ರೇಡಿಯೊ ಕೇಳುತ್ತಿರುವ ಎಲ್ಲರಿಗೂ ನಮಸ್ಕಾರ. ಈ ಹೊತ್ತಿನಲ್ಲಿ ಬೆಂಗಳೂರಿನ ಯಾವುದೋ ಮನೆಯಲ್ಲಿ ಒಬ್ಬ ಹುಡುಗನೋ ಹುಡುಗಿಯೋ ಲ್ಯಾಪ್‌ಟಾಪ್ ಮುಂದೆ ಕೂತು ಬೀಟ್ ಕಟ್ಟುತ್ತಿರುತ್ತೀರಿ. ಪಕ್ಕದ ರೂಮಿನಿಂದ ಅಮ್ಮ "ಆ ಡಬ್‌ಡಬ್ ಸಾಕು ಮಾಡೋ" ಅಂತ ಕೂಗಿಯೂ ಆಗಿರುತ್ತದೆ. ಅಮ್ಮನನ್ನೂ ಕರೆಯಿರಿ, ಕೇಳಲಿ. ನಾನು ಹೇಳುವುದು ಒಂದೇ ಮಾತು. ಬೆರಳು ಎಲ್ಲಿ ಬಿತ್ತೋ, ಪೆಟ್ಟು ಅಲ್ಲೇ ಇರಲಿ. ಎಳೆದು ನೆಟ್ಟಗೆ ಮಾಡಬೇಡಿ.

ನನ್ನ ಹತ್ತಿರ ಒಂದು ಹಳೇ ಪೆಟ್ಟಿಗೆ ಇದೆ. ಹೆಸರು ಎಂಪಿಸಿ 60. ಅಮೆರಿಕದ ರೋಜರ್ ಲಿನ್ ಎಂಬುವರು ರೂಪಿಸಿ, ಜಪಾನಿನ ಅಕಾಯ್ ಕಂಪನಿ 1988ರಲ್ಲಿ ಮಾರುಕಟ್ಟೆಗೆ ಬಿಟ್ಟದ್ದು. ಮೇಲೆ ನಾಲ್ಕು ಸಾಲು, ಸಾಲಿಗೆ ನಾಲ್ಕು, ಒಟ್ಟು 16 ರಬ್ಬರ್ ಪ್ಯಾಡ್. ಯಾವ ಶಬ್ದವನ್ನಾದರೂ ಒಳಗೆ ತುಂಬಿ. ಬೇಕಾದರೆ ಪಾತ್ರೆ ಬಡಿದದ್ದನ್ನೇ ತುಂಬಿ. ಆಮೇಲೆ ಪ್ಯಾಡ್ ಮುಟ್ಟಿದರೆ ಅದೇ ಶಬ್ದ ಬರುತ್ತದೆ. ನೀವು ನುಡಿಸಿದ ಕ್ರಮವನ್ನು ಪೆಟ್ಟಿಗೆ ನೆನಪಿಟ್ಟುಕೊಂಡು ಸುತ್ತಿಸುತ್ತಲೇ ಇರುತ್ತದೆ. ಇದರಲ್ಲಿ ಹಿಡಿಯುವುದು ಬರೀ 13 ಸೆಕೆಂಡಿನಷ್ಟು ಶಬ್ದ. ಹೌದು, 13 ಸೆಕೆಂಡ್. ನಿಮ್ಮ ಫೋನಿನಲ್ಲಿ ಅಜ್ಜಿಯ ಗೊರಕೆಯ ವಿಡಿಯೊವೇ ಅದಕ್ಕಿಂತ ಉದ್ದ ಇರುತ್ತದೆ, ಅಲ್ವಾ?

ಈ ಪೆಟ್ಟಿಗೆಯಲ್ಲಿ 'ಟೈಮಿಂಗ್ ಕರೆಕ್ಟ್' ಅಂತ ಒಂದು ಗುಂಡಿ ಇದೆ. ನೀವು ಸ್ವಲ್ಪ ಮುಂಚೆ ಹೊಡೆದರೂ, ತಡವಾಗಿ ಹೊಡೆದರೂ, ಅದು ಪೆಟ್ಟನ್ನು ಎಳೆದು ಹತ್ತಿರದ ಗೆರೆ ಮೇಲೆ ಕೂರಿಸುತ್ತದೆ. ಗೆರೆ ಅಂದರೆ ಏನು? ತಕಧಿಮಿ ತಕಧಿಮಿ ತಕಧಿಮಿ ತಕಧಿಮಿ ಅನ್ನಿ. 16 ಅಕ್ಷರ ಆಯಿತಲ್ಲ, ಅವೇ ಆ 16 ಗೆರೆಗಳು. ಅಷ್ಟೇ ವಿದ್ಯೆ.

ಈಗ ಒಂದು ಕಥೆ ಹೇಳಲೇಬೇಕು. ಚಾಮರಾಜಪೇಟೆಯಲ್ಲಿ ಒಂದು ಚಿಕ್ಕ ಸ್ಟುಡಿಯೊ, ಮಳೆಗಾಲ. ತಮಟೆ ಅಣ್ಣ ಒಬ್ಬರು ಬಂದಿದ್ದರು. ಎರಡು ದಿನದಿಂದ ಜಿಟಿಜಿಟಿ ಮಳೆ, ಚರ್ಮ ಸಡಿಲಾಗಿ ತಮಟೆ ಬೊದ್ ಬೊದ್ ಅನ್ನುತ್ತಿತ್ತು. ತಮಟೆಗೆ ಬಿಸಿ ತೋರಿಸಬೇಕು, ಸ್ಟುಡಿಯೊ ಒಳಗೆ ಬೆಂಕಿ ಹಚ್ಚುವ ಹಾಗಿಲ್ಲ. ಅಣ್ಣ ಹೊರಗೆ ಶಟರ್ ಕೆಳಗೆ ಕುಕ್ಕರಗಾಲಲ್ಲಿ ಕೂತರು. ಹಳೇ ಪೇಪರ್ ಒಂದೊಂದೇ ಹಾಳೆ ಸುಟ್ಟು, ತಮಟೆಯನ್ನು ಮೆಲ್ಲಗೆ ತಿರುಗಿಸುತ್ತಾ ಕಾಯಿಸಿದರು. ನಡುನಡುವೆ ಉಗುರಿನಿಂದ ಟಕ್ ಅಂತ ತಟ್ಟಿ ಕಿವಿ ಕೊಡುವುದು. ಟಣ್ ಅಂದ ಮೇಲೆ ಒಳಗೆ ಓಡಿ ಬಂದರು. ದಪ್ಪ ಕೋಲಿನ ಪೆಟ್ಟು, ಸಣ್ಣ ಕಡ್ಡಿಯ ಪೆಟ್ಟು, ಅಂಚಿನ ಪೆಟ್ಟು, ಹೀಗೆ ಏಳೆಂಟು ಶಬ್ದ ತುಂಬಿಕೊಂಡೆ.

"ಅಣ್ಣ, ಈಗ ಇದರ ಮೇಲೆ ನುಡಿಸಿ" ಅಂದೆ. ಅವರು ಪ್ಯಾಡ್ ಮುಟ್ಟಿ ನೋಡಿ ನಕ್ಕರು. "ಕೋಲು ಬ್ಯಾಡ್ವಾ ಸಾ?" ಎರಡು ನಿಮಿಷದಲ್ಲಿ ಬೆರಳು ಹೊಂದಿಕೊಂಡಿತು. ನಾನು ಬುದ್ಧಿವಂತ, ಟೈಮಿಂಗ್ ಕರೆಕ್ಟ್ ಹಾಕಿಟ್ಟಿದ್ದೆ. ಪೆಟ್ಟಿಗೆ ತಿರುಗಿ ನುಡಿಸಿತು. ಅಣ್ಣ ಕೇಳಿದರು, ಇನ್ನೊಮ್ಮೆ ಕೇಳಿದರು, ತಲೆ ಆಡಿಸಿದರು. "ಶಬ್ದ ನಂದೇ ಸಾ. ಹೊಡ್ತ ನಂದಲ್ಲ."

ಗುಂಡಿ ಆಫ್ ಮಾಡಿ ಮತ್ತೆ ನುಡಿಸಿದೆವು. ಕುರ್ಚಿ ಹಿಂದೆ ನಿಂತಿದ್ದ ಟೀ ಹುಡುಗನ ಕಾಲು ತಾನೇ ಕುಣಿಯಿತು. ಆಮೇಲೆ ಪರದೆಯಲ್ಲಿ ಒಂದೊಂದೇ ಪೆಟ್ಟು ತೆಗೆದು ನೋಡಿದೆ. ಈ ಪೆಟ್ಟಿಗೆ ಒಂದು ಬೀಟನ್ನು, ಅಂದರೆ ಒಂದು ತಕಧಿಮಿಯನ್ನು, 96 ಚೂರು ಮಾಡುತ್ತದೆ. ತಕಧಿಮಿಯಲ್ಲಿ 'ಕ' ಬರಬೇಕಾದ್ದು 24ನೇ ಚೂರಿನಲ್ಲಿ. ಅಣ್ಣನದು 27ರಲ್ಲಿ ಬಿದ್ದಿತ್ತು. ಮುಂದಿನ ಸುತ್ತಿನಲ್ಲೂ 27. ಒಂದು ಸಲ 28. ಮತ್ತೆ 27. ನಿಮಿಷಕ್ಕೆ 90 ಬೀಟಿನ ಓಟದಲ್ಲಿ ಮೂರು ಚೂರು ಅಂದರೆ ಸೆಕೆಂಡಿನ ಐವತ್ತರಲ್ಲಿ ಒಂದು ಭಾಗ. ಅಷ್ಟೇ ತಡ, ಅದೂ ಪ್ರತಿ ಸಲ ಅಷ್ಟೇ. ಅದನ್ನು ತಪ್ಪು ಅಂತ ಎಳೆದು ನೆಟ್ಟಗೆ ಮಾಡಿದ್ದೆನಲ್ಲ, ನನಗೆ ಏನನ್ನಬೇಕು!

ಅಷ್ಟರಲ್ಲಿ ಕರೆಂಟ್ ಹೋಯಿತು. ಶಬ್ದ ಉಳಿಸಿಡುವ ಫ್ಲಾಪಿ ಡಿಸ್ಕಿಗೆ ಹಾಕಿಕೊಂಡಿರಲಿಲ್ಲ. ಆಫ್ ಆದರೆ ಒಳಗಿನ ಶಬ್ದವೆಲ್ಲ ಹೋಗುತ್ತದೆ, ಪೂರ್ತಿ. ಕತ್ತಲಲ್ಲಿ ಅಣ್ಣನ ದನಿ ಬಂತು. "ಮತ್ತೆ ಪೇಪರ್ ಸುಡ್ಬೇಕಾ ಸಾ?"

ಇಲ್ಲಿ ರೇಡಿಯೊದವರು ಗಾಜಿನ ಆಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ. ಎರಡೇ ನಿಮಿಷವಂತೆ. ಇನ್ನೂ ತುಂಬ ಇತ್ತು, ಬೇಗ ಹೇಳಿಬಿಡುತ್ತೇನೆ.

ಕೈಯಲ್ಲಿ ನುಡಿಸಲು ಬರದವರಿಗೆ ಇದೇ ಪೆಟ್ಟಿಗೆಯಲ್ಲಿ 'ಸ್ವಿಂಗ್' ಇದೆ, ಪ್ರತಿ ಜೋಡಿಯ ಎರಡನೇ ಪೆಟ್ಟನ್ನು ಅದೇ ತಡ ಮಾಡುತ್ತದೆ. ನೂರಕ್ಕೆ 50ರಿಂದ 75ರವರೆಗೆ. 50 ಅಂದರೆ ಬೋಳು ತಕಧಿಮಿ. 66 ಅಂದರೆ ತಿಶ್ರ ನಡೆ: ತಕಿಟ ಅನ್ನಿ, ನಡುವಿನ 'ಕಿ' ನುಂಗಿಬಿಡಿ, ಎರಡನೇ ಪೆಟ್ಟು ಸರಿಯಾಗಿ 'ಟ' ಮೇಲೆ ಬೀಳುತ್ತದೆ. ಜೋಡಿ ಪೆಟ್ಟಿಗೆ 48 ಚೂರು, ಅದರಲ್ಲಿ ಅಣ್ಣನ 27 ಅಂದರೆ ನೂರಕ್ಕೆ ಸುಮಾರು 56. ಲ್ಯಾಪ್‌ಟಾಪಿನವರೂ 54ರಿಂದ 58ರ ಒಳಗೆ ತಿರುಗಿಸಿ ನೋಡಿ. ಆದರೆ ಕೈಯಲ್ಲಿ ನುಡಿಸಿದ್ದೇ ಮೇಲು, ಅದರಲ್ಲಿ ವಾದ ಬೇಡ. ಅಮೆರಿಕದ ಡೆಟ್ರಾಯ್ಟ್‌ನಲ್ಲಿ ಹಿಪ್‌ಹಾಪ್ ಬೀಟ್ ಕಟ್ಟುತ್ತಿದ್ದ ಜೆ ಡಿಲ್ಲಾ ಹಾಗೇ ನುಡಿಸಿದವನು. ಅವನ ಎಂಪಿಸಿ 3000, ಇದೇ ಪೆಟ್ಟಿಗೆಯ ನಂತರದ ಮಾದರಿ, ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ.

ಆ 13 ಸೆಕೆಂಡ್ ಸಾಲದಿದ್ದರೆ ನಿಮಿಷಕ್ಕೆ 33 ಸುತ್ತಿನ ಎಲ್‌ಪಿ ತಟ್ಟೆಯನ್ನು 45 ಸುತ್ತಿನ ವೇಗದಲ್ಲಿ ಓಡಿಸಿ ತುಂಬಿಕೊಳ್ಳಿ, ಒಳಗೆ ಮತ್ತೆ ನಿಧಾನ ಮಾಡಿ. ಶಬ್ದ ಸ್ವಲ್ಪ ಒರಟಾಗುತ್ತದೆ, ಆಗಲಿ, ಚೆನ್ನಾಗಿರುತ್ತದೆ. ಅಮೆರಿಕದಿಂದ ತರಿಸಿದ ಪೆಟ್ಟಿಗೆಯನ್ನು ನಮ್ಮ 230 ವೋಲ್ಟಿಗೆ ನೇರವಾಗಿ ಚುಚ್ಚಬೇಡಿ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ವೋಲ್ಟ್ ಇಳಿಸುವ ಒಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತನ್ನಿ. ಫ್ಲಾಪಿ ಸಿಕ್ಕರೆ ಅದನ್ನೂ ತನ್ನಿ, ಐದು ನಿಮಿಷಕ್ಕೊಮ್ಮೆ ಸೇವ್ ಮಾಡಿ. ಯಾಕೆ ಅಂತ ಈಗಷ್ಟೇ ಹೇಳಿದೆ.

ಇವತ್ತು ರಾತ್ರಿ ಒಂದೇ ಕೆಲಸ. ಆ ಟೈಮಿಂಗ್ ಕರೆಕ್ಟ್ ಗುಂಡಿ ಆಫ್ ಮಾಡಿ. ಎಂಟು ಸುತ್ತು ಕೈಯಲ್ಲೇ ನುಡಿಸಿ, ಬೆರಳು ಬಿದ್ದ ಕಡೆ ಬಿಟ್ಟುಬಿಡಿ. ಅಮ್ಮನಿಗೆ ಕೇಳಿಸಿ, ಅವರ ಕಾಲು ನೋಡಿ.

ಬೆರಳು ಒಂದಕ್ಕೆ ಬಂತು. ನಮಸ್ಕಾರ.