ಒಂದೇ ಕೊಡಗು, ಎರಡು ಲೆಕ್ಕ

ಆಪಲ್‌ನ ಪ್ರೋಗ್ರಾಮಿಂಗ್ ಭಾಷೆ ಸ್ವಿಫ್ಟ್‌ನಲ್ಲಿ ಯಾವ ಪದ ಎಷ್ಟು ಸಲ ಬಂತು ಅಂತ ಎಣಿಸ್ಬೇಕು ಅಂದ್ರೆ, ಗೊತ್ತಿದ್ದೋರು ಯಾರಾದ್ರೂ ‘ಎನ್‌ಎಸ್‌ಕೌಂಟೆಡ್‌ಸೆಟ್ ಇದ್ಯಲ್ಲಪ್ಪಾ, ಅದನ್ನೇ ಹಾಕು’ ಅಂತಾರೆ. ಒಳಗೆ ಹಾಕಿದ್ದು ಎಷ್ಟೆಷ್ಟು ಸಲ ಬಂತು ಅಂತ ಲೆಕ್ಕ ಇಡೋ ರೆಡಿಮೇಡ್ ಸೆಟ್ ಅದು. ನಾನು ಬೇಡ ಅಂತೀನಿ. ಯಾಕೆ ಅಂತ ಕೇಳಿ.

ಕನ್ನಡ ಪದಗಳನ್ನ ಎಣಿಸೋ ಒಂದು ಸಣ್ಣ ಆಪ್ ಅದನ್ನೇ ಹಾಕಿ ಬರ್ದಿದ್ದೆ. ಪಟ್ಟಿ ತೆಗೆದು ನೋಡಿದ್ರೆ ‘ಕೊಡಗು’ ಎರಡು ಕಡೆ ಕೂತಿದೆ. ಒಂದರ ಮುಂದೆ 3, ಇನ್ನೊಂದರ ಮುಂದೆ 2. ಕಣ್ಣಿಗೆ ಎರಡೂ ತದ್ರೂಪ. ಎಲ್ಲೋ ಸ್ಪೇಸ್ ಸೇರ್ಕೊಂಡಿರ್ಬೇಕು ಅಂತ ಅರ್ಧ ದಿನ ಹುಡುಕಿದೆ. ಇರ್ಲಿಲ್ಲ. ಒಂದು ಫೈಲಲ್ಲಿ ‘ಕೊ’ದ ಒತ್ವ ಒಂದೇ ಯುನಿಕೋಡ್ ಸಂಕೇತ, ಇನ್ನೊಂದ್ರಲ್ಲಿ ಎತ್ವ ಬೇರೆ, ಊಕಾರದ ಕೊಂಬು ಬೇರೆ, ಎರಡು ಸಂಕೇತ. ಯುನಿಕೋಡ್ ಪ್ರಕಾರ ಎರಡೂ ಸಮ. ಸ್ವಿಫ್ಟ್‌ನ ಸ್ಟ್ರಿಂಗ್ (ಅಕ್ಷರಗಳ ಸಾಲು) ಕೂಡ ಸಮ ಅಂತಾನೇ ಹೇಳುತ್ತೆ. ಆದ್ರೆ ಆ ಸೆಟ್ ಒಳಗೆ ಹೋದ ಸ್ಟ್ರಿಂಗ್, ಆಪಲ್‌ನ ಹಳೇ ಬಗೆಯ ಸ್ಟ್ರಿಂಗ್ ಆದ ಎನ್‌ಎಸ್‌ಸ್ಟ್ರಿಂಗ್ ಆಗ್ಬಿಡುತ್ತೆ. ಅದು ಸಂಕೇತಕ್ಕೆ ಸಂಕೇತ ಹೋಲ್ಸಿ, ಇವೆರಡು ಬೇರೆ ಬೇರೆ ಅನ್ನುತ್ತೆ. ಇಂಗ್ಲಿಷ್ ಪದಗಳನ್ನಷ್ಟೇ ಟೆಸ್ಟ್ ಮಾಡೋರಿಗೆ ಇದು ಸಿಗೋದೇ ಕಷ್ಟ.

ಇನ್ನೂ ಇದೆ. ಆ ಸೆಟ್‌ಗೆ ಟೈಪ್ ಅನ್ನೋದೇ ಇಲ್ಲ, ಎಲ್ಲಾ ‘ಎನಿ’, ಅಂದ್ರೆ ಸಂಖ್ಯೆನೋ ಪದನೋ ಏನು ಬೇಕಾದ್ರೂ ಹಾಕ್ಬಹುದು. 5 ಅನ್ನೋ ಸಂಖ್ಯೆ ಹಾಕಿ, ‘5’ ಅನ್ನೋ ಸ್ಟ್ರಿಂಗ್ ಎಷ್ಟಿದೆ ಅಂತ ಕೇಳಿ. ಕೋಡಲ್ಲಿ ತಪ್ಪು ಹಿಡೀಬೇಕಾದ ಕಂಪೈಲರ್ ತುಟಿ ಪಿಟಕ್ ಅನ್ನಲ್ಲ, 0 ಅಂತ ಉತ್ತರ ಬರುತ್ತೆ. ಎರಡು ‘ಬೆಲ್ಲ’, ಒಂದು ‘ಕೊಬ್ಬರಿ’ ಹಾಕಿ ಕೌಂಟ್ ಕೇಳಿದ್ರೆ 3 ಅಲ್ಲ, 2. ಬೇರೆ ಬೇರೆ ಪದ ಎಷ್ಟು ಅಂತ ಮಾತ್ರ ಹೇಳುತ್ತೆ. ಹೆಸರಲ್ಲೇ ಕೌಂಟೆಡ್ ಅಂತ ಇಟ್ಕೊಂಡು!

2017ರಲ್ಲಿ ಸ್ವಿಫ್ಟ್ 4 ಬಂದಾಗಿಂದ ಡಿಕ್ಷನರಿಗೆ (ಒಂದೊಂದು ಕೀಗೂ ಒಂದು ಬೆಲೆ ಇಡೋ ಪಟ್ಟಿ) ಡಿಫಾಲ್ಟ್ ಬೆಲೆ ಕೊಡೋ ಸಬ್‌ಸ್ಕ್ರಿಪ್ಟ್ ಇದೆ, ಅಂದ್ರೆ ಕೀ ಇನ್ನೂ ಇಲ್ದಿದ್ರೆ ನಾವು ಹೇಳಿದ ಬೆಲೆಯಿಂದ ಶುರು ಮಾಡುತ್ತೆ. ಪದ ಕೀ (ಸ್ವಿಫ್ಟ್ ಸ್ಟ್ರಿಂಗ್ ಆಗೇ ಉಳಿಯುತ್ತೆ, ಹಾಗಾಗಿ ಎರಡು ಕೊಡಗು ಒಂದೇ), ಎಣಿಕೆ ಇಂಟ್ (ಪೂರ್ಣಾಂಕ), ಡಿಫಾಲ್ಟ್ 0, ಬಂದಾಗೆಲ್ಲಾ ಒಂದು ಕೂಡಿಸು. ಒಂದೇ ಸಾಲು. ಬೆಲೆ ಇದ್ಯೋ ಇಲ್ವೋ ನೋಡದೆ ಆಶ್ಚರ್ಯಸೂಚಕ ಹಾಕಿ ಬಲವಂತವಾಗಿ ಬಿಚ್ಚೋದು ಬೇಡ, ಕ್ರ್ಯಾಶ್ ಭಯವೂ ಇಲ್ಲ.

ಡಿಕ್ಷನರಿಯಲ್ಲೂ ಒಂದು ಗುಂಡಿ ಇದೆ, ಸುಳ್ಳು ಹೇಳಲ್ಲ. ಕಳೀತಾ ಕಳೀತಾ ಎಣಿಕೆ 0 ಆದ್ರೂ ಕೀ ಅಲ್ಲೇ ಉಳಿಯುತ್ತೆ, ಖಾಲಿನಾ ಅಂತ ಕೇಳಿದ್ರೆ ಇಲ್ಲ ಅನ್ನುತ್ತೆ. 0 ಆದ ತಕ್ಷಣ ಅದಕ್ಕೆ ನಿಲ್ (‘ಏನೂ ಇಲ್ಲ’ ಅನ್ನೋ ಬೆಲೆ) ಕೊಟ್ಟು ಕೀ ಕಿತ್ತುಹಾಕ್ಬೇಕು. ನಾನು ಇದನ್ನೆಲ್ಲಾ ಬೇರೆ ಬೇರೆ ಟೈಪಿಗೂ ಹೊಂದೋ ಒಂದು ಪುಟ್ಟ ಜೆನೆರಿಕ್ ಸ್ಟ್ರಕ್ಟ್ ಮಾಡಿ, ಡಿಕ್ಷನರಿಯನ್ನ ಅದರೊಳಗೆ ಪ್ರೈವೇಟ್ ಆಗಿ ಇಟ್ಟಿದ್ದೀನಿ. ಹೊರಗಿಂದ ಸೇರಿಸ್ಬಹುದು, ಕಳೀಬಹುದು, ಕೇಳ್ಬಹುದು, ಅಷ್ಟೇ. ಕೊಡಗು ಈಗ ಒಂದೇ ಸಾಲಲ್ಲಿದೆ. ಮುಂದೆ 5.