ಕ್ರಿಕೆಟ್ ಡಬ್ಬಿಯಲ್ಲಿ ಸಿಕ್ಕ ತಾಯಿ ಜೇಡ

ಈ ಮೊಟ್ಟೆ ಟ್ರೇ ನೋಡಿ. ಬಲಗಡೆ, ಎರಡನೇ ಗುಳಿಯ ಪಕ್ಕ. ಸ್ವಲ್ಪ ಜೂಮ್ ಮಾಡುತ್ತೇನೆ. ಕಂದು ರಟ್ಟಿನ ಮೇಲೆ ಕಂದು ಬಣ್ಣದ ಉದ್ದ ಕಾಲುಗಳು ಕಾಣುತ್ತಿವೆ, ಅಲ್ವಾ? ಅದು ಕ್ರಿಕೆಟ್ ಹುಳು ಅಲ್ಲ.

ಎಲ್ಲರಿಗೂ ನಮಸ್ಕಾರ. ನಮ್ಮ ಅರೋವಾನ ಮೀನಿಗೆ ಶಿವಮೊಗ್ಗದಿಂದ ಕ್ರಿಕೆಟ್ ಹುಳು ತರುತ್ತೇನೆ ಅಂತ ಈ ಚಾನೆಲ್ ನೋಡುವವರಿಗೆ ಗೊತ್ತು. ರಾತ್ರಿ ಹಿತ್ತಲಲ್ಲಿ ಕಿರ್ರ್ ಅನ್ನುತ್ತವಲ್ಲ, ಅದೇ ಬಳಗದ ಕಪ್ಪು ಹುಳುಗಳು. ರೆಕ್ಕೆಯ ಬುಡದಲ್ಲಿ ಎರಡು ಹಳದಿ ಚುಕ್ಕಿ ಇರುತ್ತವೆ. ಅಡಗಿ ಕೂರಲು ಜಾಗ ಬೇಕು ಅಂತ ಅವುಗಳ ಡಬ್ಬಿಯಲ್ಲಿ ಮೊಟ್ಟೆ ಟ್ರೇ ಇಡುತ್ತಾರೆ. ಈ ಸಲ ಹುಳುಗಳನ್ನು ದೊಡ್ಡ ಡಬ್ಬಕ್ಕೆ ಕೊಡವುತ್ತಿದ್ದಾಗ ಟ್ರೇಯ ಅಡಿಯಲ್ಲಿ ಇವಳು ಅಂಟಿಕೊಂಡಿದ್ದಳು. ಕಾಲು ಚಾಚಿದರೆ ನನ್ನ ಅಂಗೈ ತುಂಬುವಷ್ಟು ದೊಡ್ಡ ಜೇಡ.

ಅಮ್ಮ ಬಾಗಿಲಲ್ಲೇ ನಿಂತು, "ಮುಟ್ಟಬೇಡ ಮಾರಾಯ್ತಿ, ಮೈಮೇಲೆ ಹರಿದ್ರೆ ಗುಳ್ಳೆ ಏಳ್ತದೆ" ಅಂದರು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಈ ಮಾತು ಕೇಳಿಸುತ್ತದೆ. ಬೆಳಗ್ಗೆ ಎದ್ದಾಗ ಕತ್ತಿನ ಮೇಲೆ ಉರಿಯುವ ಗುಳ್ಳೆ ಕಂಡರೆ ರಾತ್ರಿ ಜೇಡ ಹರಿದಿರಬೇಕು ಅಂತ ಹೇಳಿಬಿಡುತ್ತೇವೆ. ಆದರೆ ಮಳೆಗಾಲದಲ್ಲಿ ಗೆರೆ ಎಳೆದ ಹಾಗೆ ಏಳುವ ಗುಳ್ಳೆಗಳಿಗೆ ಎಷ್ಟೋ ಸಲ ಕಾರಣ ಬೇರೆಯೇ ಒಂದು ಕೀಟ. ಕಿತ್ತಳೆ ಮತ್ತು ಕಪ್ಪು ಪಟ್ಟೆಯ ಸಪೂರ ದುಂಬಿ. ಪೀಡೆರಸ್ ಅಂತ ಅದರ ಹೆಸರು. ಭತ್ತದ ಗದ್ದೆಗಳಲ್ಲಿ ಜಾಸ್ತಿ. ರಾತ್ರಿ ಟ್ಯೂಬ್‌ಲೈಟಿಗೆ ಬರುತ್ತದೆ. ಮೈಮೇಲೆ ಕೂತಾಗ ನಾವು ಒರೆಸಿ ಜಜ್ಜುತ್ತೇವೆ, ಅದರ ರಸ ಚರ್ಮಕ್ಕೆ ತಾಗುತ್ತದೆ, ಒಂದೆರಡು ದಿನದಲ್ಲಿ ಅಲ್ಲಿ ಗುಳ್ಳೆ. ಅದು ಮಾಡಿದ ತಪ್ಪಿಗೆ ಜೇಡಗಳು ಪೊರಕೆ ಏಟು ತಿನ್ನುತ್ತಿವೆ. ನನಗೆ ಇದು ನಿಜಕ್ಕೂ ಬೇಸರದ ವಿಷಯ.

ಸರಿ, ಇವಳು ಯಾರು? ಬಣ್ಣ ನೋಡಿ ಜೇಡದ ಹೆಸರು ಹೇಳಲು ಆಗುವುದಿಲ್ಲ. ಪ್ರಪಂಚದಲ್ಲಿ ಹೆಸರಿಟ್ಟ ಜೇಡಗಳ ಸಂಖ್ಯೆ 2022ರಲ್ಲೇ 50,000 ದಾಟಿದೆ, ಅದರಲ್ಲಿ ಕಂದು ಬಣ್ಣದವೇ ರಾಶಿ ಇವೆ. ಹಾಗಾಗಿ ನಾನು ಮೊದಲು ನೋಡಿದ್ದು ಹೊಟ್ಟೆಯ ಕೆಳಗೆ ಇರುವ ಈ ಬಿಳಿ ಬಿಲ್ಲೆಯನ್ನು.

ಇದು ಮೊಟ್ಟೆಚೀಲ. ತಾಯಿ ಮೊಟ್ಟೆಯನ್ನು ಹೇಗೆ ಹೊತ್ತಿದ್ದಾಳೆ ಅಂತ ನೋಡಿದರೆ ಗುರುತಿಸುವ ಅರ್ಧ ಕೆಲಸ ಮುಗಿಯುತ್ತದೆ. ತೋಟದಲ್ಲಿ ನೆಲದ ಮೇಲೆ ಓಡುವ ತೋಳ ಜೇಡ ನೋಡಿದ್ದೀರಲ್ಲ? ಅದರ ಚೀಲ ಗುಂಡಗೆ, ದಾರ ಬರುವ ಹಿಂಭಾಗಕ್ಕೇ ಅಂಟಿಕೊಂಡಿರುತ್ತದೆ. ಮರಿಗಳು ಹೊರಬಂದ ಮೇಲೆ ಅವನ್ನೂ ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಇನ್ನು ಬಚ್ಚಲುಮನೆ ಮೂಲೆಯಲ್ಲಿ ತಲೆಕೆಳಗಾಗಿ ನೇತಾಡುವ ಸಣಕಲು ಕಾಲಿನ ಜೇಡ. ಅದು ಮೊಟ್ಟೆಯ ಗೊಂಚಲನ್ನು ಬಾಯಲ್ಲೇ ಹಿಡಿದಿರುತ್ತದೆ. ಸುತ್ತಿದ ನೂಲು ಎಷ್ಟು ತೆಳು ಅಂದರೆ ಒಂದೊಂದು ಮೊಟ್ಟೆಯೂ ಬೇರೆ ಬೇರೆಯಾಗಿ ಕಾಣುತ್ತದೆ. ಇವಳದ್ದು ಹಾಗಲ್ಲ. ಚಪ್ಪಟೆ ಚೀಲ, ಹೆಚ್ಚುಕಡಿಮೆ ಒಂದು ರೂಪಾಯಿ ನಾಣ್ಯದಷ್ಟು ಅಗಲ, ಅದನ್ನು ಮೈಯಡಿಗೆ ಅವಚಿ ಹಿಡಿದಿದ್ದಾಳೆ. ಓಡುವಾಗಲೂ ಬಿಡುವುದಿಲ್ಲ.

ಮುಂದಿನದು ಕಾಲು. ಜೇಡದ ಕಾಲುಗಳು ಸಾಮಾನ್ಯವಾಗಿ ಮೇಲಕ್ಕೆ ಕೆಳಕ್ಕೆ ಮಡಚುತ್ತವೆ. ಇವಳ ಕಾಲುಗಳು ಏಡಿಯ ಹಾಗೆ ಪಕ್ಕಕ್ಕೆ ಹರಡಿವೆ. ಮೈ ಚಪ್ಪಟೆ. ಅದಕ್ಕೇ ಕಿರಿದಾದ ಬಿರುಕಿನೊಳಗೂ ನುಸುಳಬಲ್ಲಳು, ಟ್ರೇಯ ಅಡಿಯಲ್ಲಿ ಯಾರಿಗೂ ಕಾಣದೆ ಶಿವಮೊಗ್ಗದಿಂದ ಇಲ್ಲಿಯವರೆಗೆ ಬಂದಳು. ಈಗ ಮುಖ. ಫೋನಿಗೆ ಮ್ಯಾಕ್ರೋ ಲೆನ್ಸ್ ಹಾಕಿದ್ದೇನೆ. ನಾಲ್ಕು ನಾಲ್ಕರ ಎರಡು ಸಾಲು, ಒಟ್ಟು ಎಂಟು ಕಣ್ಣು. ಅದರ ಕೆಳಗೆ ಅಡ್ಡಕ್ಕೆ ಕೆನೆ ಬಣ್ಣದ ಪಟ್ಟಿ. ಎಷ್ಟು ಚೆಂದ ಇದೆ!

ಇಷ್ಟೂ ಸೇರಿದರೆ ಹಂಟ್ಸ್‌ಮನ್ ಜೇಡ. ಮನೆಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಸಿಗುವ ಜಾತಿ ಇದು, ವೈಜ್ಞಾನಿಕ ಹೆಸರು ಹೆಟೆರೊಪೋಡ ವೆನಟೋರಿಯ. ಜೀವಿಗಳಿಗೆ ಇಂಥ ಎರಡು ಪದದ ಹೆಸರಿಡುವ ಪದ್ಧತಿ ತಂದ ಲಿನೇಯಸ್ 1767ರಲ್ಲೇ ಇದನ್ನು ದಾಖಲಿಸಿದ್ದ. ಮೈ ಎರಡೂವರೆ ಸೆಂಟಿಮೀಟರ್ ಆಸುಪಾಸು, ಕಾಲು ಹರಡಿದರೆ 7ರಿಂದ 12 ಸೆಂಟಿಮೀಟರ್. ಬೇಟೆಗೆ ಬಲೆ ಕಟ್ಟುವುದಿಲ್ಲ. ಹಗಲು ಸಂದಿಯಲ್ಲಿ ಕೂತು ರಾತ್ರಿ ಜಿರಳೆ, ಕ್ರಿಕೆಟ್ ಹಿಡಿದು ತಿನ್ನುತ್ತದೆ. ಗಂಡು ಹೆಣ್ಣನ್ನು ಕರೆಯುವಾಗ ಕಾಲು ನಡುಗಿಸಿ ಸಣ್ಣಗೆ ಗುಂಯ್ ಅನ್ನಿಸುತ್ತದಂತೆ. ಅದನ್ನೊಮ್ಮೆ ರೆಕಾರ್ಡ್ ಮಾಡಬೇಕು ಅಂತ ನನಗೆ ತುಂಬಾ ಆಸೆ.

ಪಕ್ಕದ ಮನೆಯ ಹುಡುಗ ಟರಾಂಟುಲ ಅಂದ. ಅಲ್ಲ. ಟರಾಂಟುಲದ ಮೈ ದಪ್ಪ, ಕಾಲು ದಪ್ಪ, ಮೈತುಂಬಾ ದಟ್ಟ ರೋಮ. ಹಂಟ್ಸ್‌ಮನ್ ಕೂಡ ಹಿಡಿದು ಹಿಂಸೆ ಕೊಟ್ಟರೆ ಕಚ್ಚುತ್ತದೆ, ನೋಯುತ್ತದೆ, ಸ್ವಲ್ಪ ಊದಬಹುದು. ಸೋಪು ನೀರಲ್ಲಿ ತೊಳೆದು ಐಸ್ ಇಟ್ಟರೆ ಸಾಕಾಗುತ್ತದೆ. ಊತ ಏರುತ್ತಲೇ ಹೋದರೆ, ಉಸಿರಾಟ ಕಷ್ಟವಾದರೆ ಡಾಕ್ಟರ ಹತ್ತಿರ ಹೋಗಿ. ಯಾವ ಹುಳು ಕಚ್ಚಿದರೂ ಅಷ್ಟೇ.

ಇವಳನ್ನು ಕ್ರಿಕೆಟ್ ಜೊತೆ ಹಾಗೇ ಬಿಡಲು ಆಗುತ್ತಿರಲಿಲ್ಲ. ಊಟದ ಡಬ್ಬಿಯಲ್ಲೇ ಇದ್ದಾಳೆ, ಆರಾಮ ಅಂತ ಅನ್ನಿಸಬಹುದು. ಆದರೆ ಚೀಲ ಹೊತ್ತ ತಾಯಿ ಸಾಮಾನ್ಯವಾಗಿ ಬೇಟೆಗೆ ಹೋಗುವುದಿಲ್ಲ. ಕ್ರಿಕೆಟ್ ಹುಳು ಹಸಿದರೆ ಸಿಕ್ಕಿದ್ದನ್ನೆಲ್ಲ ಮೆಲ್ಲುತ್ತದೆ. ಪೊರೆ ಬಿಡುತ್ತಿರುವ ಮೆತ್ತನೆಯ ಜೇಡವನ್ನೂ ಬಿಡುವುದಿಲ್ಲ. ಹಾಗಿರುವಾಗ ಮೊಟ್ಟೆಚೀಲವನ್ನು ನಂಬಿ ಬಿಡುವುದು ಹೇಗೆ?

ಹಿಡಿಯಲು ಅಗಲ ಬಾಯಿಯ ಪಾರದರ್ಶಕ ಡಬ್ಬ ಮತ್ತು ಒಂದು ರಟ್ಟು ಸಾಕು. ಮೇಲೆ ಡಬ್ಬ ಮುಚ್ಚಿ, ಕೆಳಗಿಂದ ರಟ್ಟು ನಿಧಾನಕ್ಕೆ ತೂರಿಸಿ. ಕಾಲು ಹಿಡಿದು ಎಳೆಯಬೇಡಿ, ತಪ್ಪಿಸಿಕೊಳ್ಳಲು ಕಾಲನ್ನೇ ಕಳಚಿಕೊಂಡು ಓಡುತ್ತದೆ.

ನೇರವಾಗಿ ಹಿತ್ತಲಿಗೆ ಬಿಡುವುದೇ ಒಳ್ಳೆಯದಿತ್ತು. ಆದರೆ ಮಳೆಗೆ ಮೊದಲು ಕೊಟ್ಟಿಗೆಯ ಹೆಂಚು ಕೈಯಾಡಿಸುವ ಕೆಲಸ ನಡೆಯುತ್ತಿತ್ತು. ಜನ ಮೇಲೆ ಹತ್ತಿ ಇಳಿಯುವಾಗ ಅಲ್ಲಿ ಬಿಟ್ಟರೆ ಇವಳಿಗೆ ನೆಮ್ಮದಿ ಎಲ್ಲಿ? ಕೆಲಸ ಮುಗಿಯುವ ತನಕ ಮನೆಯಲ್ಲೇ ಇಟ್ಟುಕೊಂಡೆ.

ಇದು ಅವಳ ಡಬ್ಬ. ಅಗಲಕ್ಕಿಂತ ಎತ್ತರ ಜಾಸ್ತಿ ಇರುವುದನ್ನೇ ಆರಿಸಿದೆ, ಗೋಡೆ ಹತ್ತಿ ಬದುಕುವ ಜೀವ ಇದು. ಗಾಳಿಗೆ ಮುಚ್ಚಳ ಕತ್ತರಿಸಿ ಒತ್ತು ನೇಯ್ಗೆಯ ತೆಳು ಬಟ್ಟೆ ಅಂಟಿಸಿದೆ. ದೊಡ್ಡ ತೂತು ಮಾಡಬೇಡಿ. ಒಂದು ಚೀಲದಲ್ಲಿ ನೂರಕ್ಕೂ ಜಾಸ್ತಿ ಮೊಟ್ಟೆ ಇರಬಹುದು, ಮರಿಗಳು ಕಡುಸಣ್ಣವು. ಒಳಗೆ ಒಂದು ತುಂಡು ಅಡಿಕೆ ಹಾಳೆ ಓರೆಯಾಗಿ ನಿಲ್ಲಿಸಿದೆ. ಹಾಕಿ ಸ್ವಲ್ಪ ಹೊತ್ತಿಗೆ ಅದರ ಹಿಂದೆ ಹೋಗಿ ಕೂತಳು. ಮತ್ತೆ ಕೆದಕಲಿಲ್ಲ. ಪದೇ ಪದೇ ಅಲುಗಾಡಿಸಿ ಗಾಬರಿ ಮಾಡಿದರೆ ತಾಯಿ ಚೀಲ ಬಿಟ್ಟುಬಿಡಬಹುದು, ತಿಂದೂಬಿಡಬಹುದು. ಅದಕ್ಕೇ ಈ ವಿಡಿಯೋದಲ್ಲಿ ಡಬ್ಬದೊಳಗಿನ ದೃಶ್ಯ ಇಷ್ಟು ಕಡಿಮೆ. ಇನ್ನೂ ತೋರಿಸಿ ಅಂತ ಕೇಳಬೇಡಿ.

ಊಟ ಕೊಡಲಿಲ್ಲ, ನೀರು ಕೊಟ್ಟೆ. ಸಂಜೆ ಒಂದು ಗೋಡೆಗೆ ಮಾತ್ರ ಸ್ಪ್ರೇ ಬಾಟಲಿಯಲ್ಲಿ ಕೆಲವು ಹನಿ. ಹನಿಯಿಂದಲೇ ಕುಡಿಯುತ್ತಾಳೆ. ಡಬ್ಬವೆಲ್ಲ ಒದ್ದೆಯಾದರೆ ಬೂಷ್ಟು ಹಿಡಿದು ಚೀಲ ಹಾಳಾಗುತ್ತದೆ. ಬಿಸಿಲು ಬೀಳದ ಕಪಾಟಿನ ಮೇಲೆ ಇಟ್ಟಿದ್ದೆ. ಆ ಕೋಣೆಯಲ್ಲಿ ಸೊಳ್ಳೆ ಲಿಕ್ವಿಡ್ ಹಾಕಲಿಲ್ಲ, ಬತ್ತಿ ಹಚ್ಚಲಿಲ್ಲ, ಜಿರಳೆ ಸ್ಪ್ರೇ ಹೊಡೆಯಲಿಲ್ಲ. ಇದನ್ನು ದಯವಿಟ್ಟು ನೆನಪಿಡಿ. ಇವುಗಳಲ್ಲಿ ಹೆಚ್ಚಿನವುಗಳಲ್ಲಿ ಇರುವ ಪೈರೆಥ್ರಾಯ್ಡ್ ಜಾತಿಯ ಔಷಧ ಜೇಡಕ್ಕೂ ವಿಷ. ಡಬ್ಬ, ನೀರು ಎಲ್ಲ ಸರಿಯಾಗಿದ್ದೂ ಜೇಡ ಸತ್ತರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಕೆಲಸ ಮುಗಿದ ಸಂಜೆ ಕೊಟ್ಟಿಗೆಯ ಸೌದೆ ಒಟ್ಟಿಲ ಹತ್ತಿರ ಡಬ್ಬ ಅಡ್ಡ ಮಲಗಿಸಿ ಮುಚ್ಚಳ ತೆಗೆದೆ. ಅಮ್ಮನೇ ಟಾರ್ಚ್ ಹಿಡಿದರು. "ಅಲ್ಲಿ ಜಿರಳೆ ಬೇಕಾದಷ್ಟಿದೆ, ಇವಳಿಗೆ ಏನೂ ಕಮ್ಮಿ ಆಗೂದಿಲ್ಲ" ಅಂದರು. ಸಾಕಬಹುದಿತ್ತಲ್ಲ ಅಂತ ನೀವು ಕೇಳಬಹುದು. ಇದು ನಮ್ಮ ಊರಿನದ್ದೇ ಜೇಡ. ಇವಳಿಗೆ ಬೇಕಾದ ಸಂದಿ, ಕತ್ತಲೆ, ಬೇಟೆ ಎಲ್ಲ ಆ ಕೊಟ್ಟಿಗೆಯಲ್ಲಿ ಇದೆ. ಡಬ್ಬದಲ್ಲಿ ಇಟ್ಟು ನಾನು ಕೊಡುವುದು ಅದಕ್ಕಿಂತ ಜಾಸ್ತಿ ಏನಿದೆ?

ಹೊರದೇಶದಲ್ಲಿ ಇದ್ದುಕೊಂಡು ನೋಡುತ್ತಿರುವ ನಮ್ಮವರಿಗೆ ಮಾತ್ರ ಬೇರೆ ಮಾತು. ನೀವು ಸಾಕಿದ ಗೆಕ್ಕೋ ಹಲ್ಲಿಗೆ ತಂದ ಕ್ರಿಕೆಟ್ ಡಬ್ಬಿಯಲ್ಲಿ ಜೇಡ ಸಿಕ್ಕಿದರೆ ಹೊರಗೆ ಬಿಡಬೇಡಿ. ಈ ಹಂಟ್ಸ್‌ಮನ್ನೇ ಹಡಗಿನ ಸರಕಿನ ಜೊತೆ, ಬಾಳೆಗೊನೆಗಳ ಜೊತೆ ಹೋಗಿ ಪ್ರಪಂಚದ ಬಿಸಿ ನಾಡುಗಳಲ್ಲೆಲ್ಲ ನೆಲೆಸಿದೆ. ನಿಮ್ಮಲ್ಲಿ ಸಿಕ್ಕಿದ್ದು ಎಲ್ಲಿಯದ್ದೋ ಯಾರು ಬಲ್ಲರು? ಮುಚ್ಚಿದ ಡಬ್ಬದಲ್ಲಿ ಇಟ್ಟು ಮೊದಲು ಗುರುತು ಮಾಡಿಸಿ.

ಗುರುತು ಮಾಡಿಸಲು, ಫೋಟೋ ನೋಡಿ ಜೀವಿಗಳ ಹೆಸರು ಹೇಳುವವರು ಇರುವ ವೆಬ್‌ಸೈಟ್ ಐನ್ಯಾಚುರಲಿಸ್ಟ್‌ಗೆ ಫೋಟೋ ಹಾಕಿ. ಮೇಲಿನಿಂದ ತೆಗೆದ ಒಂದೇ ಫೋಟೋ ಸಾಲುವುದಿಲ್ಲ. ಮುಖ ನೇರಕ್ಕೆ ಕಾಣುವುದೊಂದು, ಪಾರದರ್ಶಕ ಡಬ್ಬದ ತಳದಿಂದ ಹೊಟ್ಟೆಯದ್ದೊಂದು, ಅಳತೆಗೆ ಡಬ್ಬದ ಹೊರಗೆ ಸ್ಕೇಲ್ ಹಿಡಿದದ್ದೊಂದು. ಮೊಟ್ಟೆಚೀಲ ಇದ್ದರೆ ಅದನ್ನು ಎಲ್ಲಿ ಹಿಡಿದಿದೆ ಅಂತ ಕಾಣುವ ಹಾಗೆ ತೆಗೆಯಿರಿ. ಫ್ಲ್ಯಾಷ್ ಬೇಡ, ಕಿಟಕಿಯ ಬೆಳಕು ಸಾಕು.